ಪ್ರಳಯದ ಮರುದಿನದ ಬುತ್ತಿ

ನಾನು ಜೀವಮಾನದಲ್ಲಿ ಒಂದೇ ಒಂದು ಸಿನಿಮಾ ತೆಗೆದವನು. ಅದರ ಉದ್ದ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದ ಬಗ್ಗೆ ಹೋದ ತಿಂಗಳು ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ಒಂದೂಕಾಲು ಗಂಟೆ ಮಾತಾಡಿ ಬಂದೆ. ಹಳೆಯ ವಿದ್ಯಾರ್ಥಿ ಎಂದು ಕರೆದು, ಹಾರ ಹಾಕಿ, ‘ನಿರ್ದೇಶಕರು ತಮ್ಮ ಕಲಾತ್ಮಕ ಆಯ್ಕೆಗಳನ್ನು ವಿವರಿಸಬೇಕು’ ಎಂದು ಮೈಕಿನ ಮುಂದೆ ನಿಲ್ಲಿಸಿಬಿಟ್ಟರೆ, ಹರಿಹರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಕೆಂಚವೀರಪ್ಪ ಮೇಷ್ಟ್ರು ಇನ್ನೇನು ಮಾಡಬೇಕು? ವಿವರಿಸಿದೆ.

ಲೋಕವೆಲ್ಲ ಹಾಳಾದ ಮೇಲೂ ಬೀದಿಯಲ್ಲಿ ಒಂದು ಕೋಳಿ ಓಡಾಡುತ್ತದಲ್ಲ, ಅದರ ಅರ್ಥವೇನು ಎಂದು ಒಬ್ಬ ಕೇಳಿದ. ಅದು ಜೀವದ ಛಲ ಎಂದೆ. ಉಳಿದುಕೊಂಡ ಕೊನೆಯ ಮನುಷ್ಯ ರಾಜನ ವೇಷದಲ್ಲಿ ಯಾಕಿದ್ದಾನೆ ಎಂದು ಇನ್ನೊಬ್ಬ ಕೇಳಿದ. ಪ್ರಜೆಗಳಿಲ್ಲದ ಅಧಿಕಾರದ ವ್ಯರ್ಥತೆ ಎಂದೆ. ಚಪ್ಪಾಳೆ ಬಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸಾರ್, ಎಲ್ಲರೂ ಸತ್ತಿದ್ದಾರೆ ಅಂದಮೇಲೆ ಕೊನೆಗೆ ತಲೆ ಮೇಲೆ ಬುತ್ತಿ ಹೊತ್ತುಕೊಂಡು ಬರೋ ಹೆಂಗಸು ಯಾರು?” ಎಂದಳು. ನಾನು ನೀರು ಕುಡಿದೆ. ಮತ್ತೊಂದು ಲೋಟ ಕುಡಿದೆ. “ಅದನ್ನ ಪ್ರೇಕ್ಷಕರಿಗೇ ಬಿಟ್ಟಿದ್ದೇನೆ” ಎಂದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಸೋದರಮಾವ ಗುಡ್ಡಪ್ಪ ತಲೆಯೆತ್ತಿ ನನ್ನನ್ನೇ ನೋಡಿದ. ಅವನೇ ಆ ಚಿತ್ರದ ಕೊನೆಯ ಮನುಷ್ಯ. ಬುತ್ತಿ ತಂದವಳು ಅವನ ಹೆಂಡತಿ, ನನ್ನ ಹಂಪವ್ವತ್ತೆ. ಮಾವನ ಆ ನೋಟ ತಡೆಯಲಾರದೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಮಾತ್ರ ನಿಜ ಹೇಳುತ್ತೇನೆ.

ಅರವತ್ತೆರಡನೆಯ ಇಸವಿಯ ಫೆಬ್ರವರಿ ಯಾರಿಗೆ ಮರೆತಿದೆ? ಎಂಟು ಗ್ರಹ ಒಂದೇ ರಾಶಿಯಲ್ಲಿ ಕೂಡುತ್ತವೆ, ಲೋಕ ಮುಳುಗುತ್ತದೆ ಎಂದು ಊರೆಲ್ಲ ನಂಬಿತ್ತು. ದಾವಣಗೆರೆಯಲ್ಲಿ ಓಣಿಗೊಂದು ಹೋಮ, ಗುಡಿಗೊಂದು ಭಜನೆ. ಗಿರಣಿಯಲ್ಲಿ ಅರ್ಧ ಜನ ಕೆಲಸಕ್ಕೆ ಬರಲಿಲ್ಲ. ಬಂದ ಅರ್ಧ ಜನರೂ ಹೇಗಿದ್ದರೂ ಮುಳುಗುತ್ತದಲ್ಲ ಎಂದು ಕೆಲಸ ಮಾಡಲಿಲ್ಲ. ನಮ್ಮ ಪಕ್ಕದ ಮನೆಯವರು ವರ್ಷಕ್ಕೆಂದು ಇಟ್ಟಿದ್ದ ತುಪ್ಪವನ್ನು ಮೂರೇ ದಿನದಲ್ಲಿ ತಿಂದು ಮುಗಿಸಿದರು. ಲೋಕ ಮುಳುಗಲಿಲ್ಲ. ಅವರಿಗೆ ಆದ ನಿರಾಸೆ ನೋಡಲಾಗುತ್ತಿರಲಿಲ್ಲ.

ನಾನು ಆಗ ಬಿ.ಎಸ್ಸಿ. ಕೊನೆಯ ವರ್ಷ. ಕಾಲೇಜಿನ ವಿಜ್ಞಾನ ಸಂಘದ ಸಭೆಯಲ್ಲಿ ನಮ್ಮ ಮೇಷ್ಟ್ರೊಬ್ಬರು, “ಒಂದು ವೇಳೆ ಮುಳುಗಿದ್ದರೆ ಹೇಗಿರುತ್ತಿತ್ತು, ಯಾರಾದರೂ ಊಹಿಸಿ ಹೇಳಿ” ಎಂದರು. ಎಲ್ಲರೂ ತಲೆ ಬಗ್ಗಿಸಿ ಕೂತಿದ್ದಾಗ ನಾನು ಎದ್ದು ನಿಂತು, “ಹೇಳೋದೇನು ಸಾರ್, ಸಿನಿಮಾ ತೆಗೆದು ತೋರಿಸ್ತೀನಿ” ಎಂದುಬಿಟ್ಟೆ. ಯಾಕೆ ಹಾಗಂದೆ ಎಂದು ಇವತ್ತಿಗೂ ಗೊತ್ತಿಲ್ಲ. ಮುಂದಿನ ಬೆಂಚಿನಲ್ಲಿ ಮೂವರು ಹುಡುಗಿಯರಿದ್ದರು, ಅಷ್ಟು ಗೊತ್ತು. ಮಾರನೆಯ ದಿನ ನೋಟೀಸ್ ಬೋರ್ಡಿನಲ್ಲಿ ‘ಪ್ರಳಯದ ಮರುದಿನ: ನಿರ್ದೇಶನ ಕೆ. ಕೆಂಚವೀರಪ್ಪ’ ಎಂದು ಬಿತ್ತು. ಕ್ಯಾಮೆರಾ ಎನ್ನುವುದನ್ನು ನಾನು ಅದುವರೆಗೆ ಕೈಯಲ್ಲಿ ಮುಟ್ಟಿರಲಿಲ್ಲ.

ಮುಟ್ಟಿಸಿದವನು ಹರಿಹರದ ಕುತುಬುದ್ದೀನ್. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಊರು ಬಿಟ್ಟುಹೋಗುವ ಯಾರೋ ಇಂಜಿನಿಯರ್ ಸಾಹೇಬನಿಂದ ಕೀಲಿ ಕೊಟ್ಟು ಓಡಿಸುವ ಒಂದು ಸಿನಿಮಾ ಕ್ಯಾಮೆರಾವನ್ನೂ, ಅದರ ಜೊತೆಯ ಪ್ರೊಜೆಕ್ಟರನ್ನೂ ಕೊಂಡಿಟ್ಟಿದ್ದ. ಮದುವೆಗಳಿಗೆ ಕರೆಯುತ್ತಾರೆ ಎಂದು ಕಾದಿದ್ದ, ಒಬ್ಬರೂ ಕರೆದಿರಲಿಲ್ಲ. ನಾನು ಕೇಳಿದ ಕೂಡಲೇ ಅವನ ಕಣ್ಣು ತುಂಬಿ ಬಂತು.

“ಒಂದ ಒಂದು ರೀಲು ಉಳಿದೈತೆ ಭಾಯಿ, ನೂರಡಿ. ಕೀಲಿ ಪೂರಾ ಕೊಟ್ರೆ ಮುಕ್ಕಾಲು ನಿಮಿಷ ಓಡ್ತೈತೆ. ಆದ್ರೆ ಈ ಗುಂಡಿ ಐತಲ್ಲ, ಒಮ್ಮೊಮ್ಮೆ ಸಿಕ್ಕಿಕೊಳ್ತೈತೆ. ಸಿಕ್ಕಿಕೊಂಡ್ರೆ ಕೀಲಿ ಮುಗಿಯೋ ತನಕ ಅಲ್ಲಾ ಬಂದ್ರೂ ನಿಲ್ಲಂಗಿಲ್ಲ.”

ಸ್ಟುಡಿಯೋದ ಕಿಟಕಿಯ ಬಳಿ ಅವನ ತಂಗಿ ಫಕ್ರುನ್ನೀಸಾ ಕೂತು ಫೋಟೋಗಳಿಗೆ ಬಣ್ಣ ಹಾಕುತ್ತಿದ್ದಳು. ಕಪ್ಪು ಬಿಳುಪು ಫೋಟೋದಲ್ಲಿ ಸೀರೆಗೆ ಹಸಿರು, ಕೆನ್ನೆಗೆ ನಸುಗೆಂಪು ಹಚ್ಚುವ ಕೆಲಸ. ಎಂಟು ವರ್ಷದವಳಿದ್ದಾಗ ಜ್ವರ ಬಂದು ಅವಳ ಕಿವಿ ಹೋಗಿತ್ತು. ಆದರೆ ಅವಳೆದುರು ಯಾರೂ ಗುಟ್ಟು ಮಾತಾಡುವ ಹಾಗಿರಲಿಲ್ಲ. ಮಾತಾಡುವವರ ತುಟಿ ನೋಡಿಯೇ ಉರ್ದುವೋ ಕನ್ನಡವೋ ಪೂರ್ತಿ ತಿಳಿದುಕೊಂಡು, ಕೈಸನ್ನೆಯಲ್ಲಿ ಅಣ್ಣನಿಗೆ ವರದಿ ಒಪ್ಪಿಸುತ್ತಿದ್ದಳು. ಫೋಟೋ ತೆಗೆಸಲು ಬಂದವರು ರಸ್ತೆಯ ಆಚೆ ನಿಂತು ಸ್ಟುಡಿಯೋ ಬೈದರೂ ಕುತುಬುದ್ದೀನನಿಗೆ ಸುದ್ದಿ ಮುಟ್ಟುತ್ತಿತ್ತು.

ಕ್ಯಾಮೆರಾ ಸಿಕ್ಕಿತು. ಈಗ ಬೇಕಾದದ್ದು ಮನುಷ್ಯರಿಲ್ಲದ ಊರು. ದಾವಣಗೆರೆಯಲ್ಲಿ ಅದನ್ನು ಎಲ್ಲಿಂದ ತರುವುದು? ಬೆಳಗಿನ ಜಾವ ಬಜಾರಕ್ಕೆ ಹೋಗಿ ಕ್ಯಾಮೆರಾ ಇಟ್ಟೆ. ಖಾಲಿ ಇದ್ದ ಬೀದಿಯಲ್ಲಿ ಐದು ನಿಮಿಷಕ್ಕೆ ಅರವತ್ತು ಜನ ಸೇರಿದರು. “ದಯವಿಟ್ಟು ಸರೀರಿ, ಲೋಕದಾಗೆ ಯಾರೂ ಇಲ್ಲ ಅಂತ ತೋರಿಸ್ಬೇಕು” ಎಂದೆ. “ತೋರ್ಸಪ್ಪ, ನಾವೇನು ಬ್ಯಾಡ ಅಂದ್ವಾ?” ಎಂದು ಅಲ್ಲೇ ನಿಂತರು. ಗದ್ದಲ ಕೇಳಿ ಒಬ್ಬ ಪೋಲೀಸಿನವನು ಬಂದ.

“ಏನು ನಡೆಸೀಯಾ ಇಲ್ಲಿ?”

“ಲೋಕ ಮುಳುಗಿದ್ದು ತೆಗೀತಿದೀನ್ರಿ.”

“ಅದಕ್ಕೆ ಸಾಹೇಬ್ರ ಅಪ್ಪಣೆ ಐತೇನು?”

“ಇಲ್ರಿ.”

“ಅಪ್ಪಣೆ ಇಲ್ದ ಹೆಂಗೆ ಮುಳುಗಿಸ್ತಿ? ನಡಿ ಮನೀಗೆ” ಎಂದು ಲಾಠಿಯಿಂದ ದಾರಿ ತೋರಿಸಿದ.

ಸಪ್ಪೆ ಮೋರೆ ಹಾಕಿಕೊಂಡು ನಿಟ್ಟುವಳ್ಳಿಗೆ, ಗುಡ್ಡಪ್ಪ ಮಾವನ ಮನೆಗೆ ಹೋದೆ. ನಿಟ್ಟುವಳ್ಳಿ ಆಗ ದಾವಣಗೆರೆಯ ಮಗ್ಗುಲಲ್ಲೇ ಇದ್ದ ಹಳ್ಳಿ. ಮಾವ ಹಗಲು ಗಿರಣಿಯಲ್ಲಿ ನೂಲುವ ಕೆಲಸ, ಸಂಜೆಯಾದರೆ ನಾಟಕದ ಹುಚ್ಚು. ಯಾವ ನಾಟಕವಾದರೂ ಅವನದು ರಾಜನ ಪಾರ್ಟೇ. ಮನೆಯ ಗೋಡೆಯ ಮೇಲೆ ರಾಜನ ವೇಷದಲ್ಲಿ ಅವನ ಹನ್ನೊಂದು ಫೋಟೋಗಳಿದ್ದವು. ಎಲ್ಲವೂ ಕುತುಬುದ್ದೀನನ ಸ್ಟುಡಿಯೋದವು, ಕಿರೀಟಗಳಿಗೆ ಹಳದಿ ಹಚ್ಚಿದವಳು ಫಕ್ರುನ್ನೀಸಾ. ಅತ್ತೆಯದು ಒಂದೂ ಇರಲಿಲ್ಲ. ಯಾರಿಗೂ ಅದು ತೋಚಿರಲೇ ಇಲ್ಲ.

ನನ್ನ ಕಷ್ಟ ಕೇಳಿ ಮಾವ ತೊಡೆ ತಟ್ಟಿದ. “ಲೇ ಅಳಿಯಾ, ಬರೋ ಮಂಗಳವಾರ ನಮ್ಮೂರಾಗೆ ಹೊರಬೀಡು! ಖಾಲಿ ಊರು ಬೇಕಂತೀಯ, ಪೂರಾ ಊರೇ ಖಾಲಿ ಐತೆ ತಗಾ!”

ಹೊರಬೀಡು ನಮ್ಮ ಸೀಮೆಯ ಪದ್ಧತಿ. ಊರಿಗೆ ಅಂಟಿದ ಪೀಡೆ ಹೋಗಲೆಂದು ಒಂದು ಹಗಲು ಊರಿನವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಬಿಡಾರ ಮಾಡುತ್ತಾರೆ. ಒಲೆಯ ಬೆಂಕಿ ಆರಿಸಿ, ದನಕರು, ನಾಯಿ, ಕೋಳಿ, ಮಂಚದ ಮೇಲಿನ ರೋಗಿ, ತೊಟ್ಟಿಲ ಕೂಸು ಎಲ್ಲವನ್ನೂ ಹೊರಗೆ ಸಾಗಿಸಿ, ಊರ ಬಾಗಿಲಿಗೆ ಮುಳ್ಳು ಹಾಕುತ್ತಾರೆ. ಅಡುಗೆ ಊಟ ಎಲ್ಲ ಹೊಲದಲ್ಲೇ. ಹೊತ್ತು ಮುಳುಗುವ ತನಕ ಒಂದು ನರಪಿಳ್ಳೆಯೂ ಆ ಮುಳ್ಳು ದಾಟಬಾರದು. ಗ್ರಹಗಳು ಕೂಡಿದ ದೋಷ ಊರಿಗೆ ತಟ್ಟದಿರಲಿ ಎಂದು ಆ ವರ್ಷ ಹಿರಿಯರು ಹೊರಬೀಡು ಗೊತ್ತುಮಾಡಿದ್ದರು. ಅದನ್ನು ಮುರಿದು ಒಳಗೆ ನುಗ್ಗುವುದೆಂದು ವಿಜ್ಞಾನದ ವಿದ್ಯಾರ್ಥಿಯೂ ರಾಜನ ಪಾರ್ಟಿನವನೂ ಕೂಡಿ ತೀರ್ಮಾನಿಸಿದೆವು.

ಅತ್ತೆಗೆ ಮಾತ್ರ ಹೇಳಿದೆವು. ಅವಳಿಗೆ ಊರಮ್ಮನ ಭಯವಿತ್ತು. ಅದಕ್ಕಿಂತ ದೊಡ್ಡ ಭಯ ಮಾವನ ಹೊಟ್ಟೆಹುಣ್ಣಿನದು. ಹನ್ನೆರಡು ಗಂಟೆಗೆ ಸರಿಯಾಗಿ ಉಣ್ಣದಿದ್ದರೆ ಮಾವ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ. ಗಿರಣಿಯ ಕೂಗು ಮುಗಿಯುವುದರೊಳಗೆ ಗೇಟಿನ ಮುಂದೆ ಬುತ್ತಿ ಹಿಡಿದು ನಿಲ್ಲುವುದು ಅವಳ ಹದಿನಾಲ್ಕು ವರ್ಷದ ನೇಮ.

“ಒಂದೆರಡು ರೊಟ್ಟಿ ಕಟ್ಟಿಕೊಡ್ತೀನಿ, ಒಯ್ಯಿ” ಎಂದಳು.

“ಲೋಕದಾಗೆ ಉಳಿದ ಕೊನೇ ಮನುಷ್ಯ ಬುತ್ತಿ ಕಟ್ಟಿಕೊಂಡು ತಿರುಗ್ತಾನೇನೆ? ಬುದ್ಧಿ ಐತಾ ನಿಂಗೆ?” ಎಂದು ಮಾವ ಗದರಿದ.

ಮಂಗಳವಾರ ಬಂತು. ಜನವೆಲ್ಲ ಹೊಲಕ್ಕೆ ಹೋದ ಮೇಲೆ ಹಿತ್ತಿಲ ಬೇಲಿ ಹಾರಿ ಇಬ್ಬರೂ ಊರೊಳಗೆ ಇಳಿದೆವು. ನಿಟ್ಟುವಳ್ಳಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಕುಟ್ಟುವ ಸದ್ದಿಲ್ಲ, ಬೀಸುವ ಸದ್ದಿಲ್ಲ, ಯಾವ ಮನೆಯಿಂದಲೂ ಹೊಗೆಯಿಲ್ಲ. ಒಂದು ಗಳಿಗೆ ನನಗೆ ನಿಜವಾಗಿ ಭಯವಾಯಿತು. ತಿರುಗಿ ನೋಡಿದರೆ ಮಾವ ಗಂಟು ಬಿಚ್ಚಿ ಕಿರೀಟ ಹಾಕಿಕೊಳ್ಳುತ್ತಿದ್ದ.

“ಮಾವಾ, ಹರಕು ಅಂಗಿ ಹಾಕ್ಕೋ ಅಂದಿದ್ದೆ!”

“ಪ್ರಪಂಚದಾಗೆ ನಾನೊಬ್ನೇ ಉಳಿದೀನಿ ಅಂದಮ್ಯಾಲೆ ರಾಜ ಯಾರು? ನಾನೇ. ನೀನೇ ಯೋಚ್ನೆ ಮಾಡು.”

ಇದು ನನ್ನ ಎರಡನೆಯ ಕಲಾತ್ಮಕ ಆಯ್ಕೆಯ ಹಿನ್ನೆಲೆ. ಮೊದಲನೆಯದಾದ ಕೋಳಿ, ಮೂಲೆಮನೆಯ ಅಂಜಿನವ್ವನದು. ಹೊಲಕ್ಕೆ ಒಯ್ಯಲು ಹಿಡಿಯಹೋದಾಗ ತಪ್ಪಿಸಿಕೊಂಡು ಸೂರಿನ ಮೇಲೆ ಕೂತಿತ್ತಂತೆ. ನಮ್ಮನ್ನು ಕಂಡು ಇಳಿದು ಬಂದು, ಓಡಿಸಿದಷ್ಟೂ ಕ್ಯಾಮೆರಾದ ಮುಂದೆಯೇ ಓಡಾಡಿತು.

ಸಿನಿಮಾದಲ್ಲಿ ಧ್ವನಿ ಬರುವುದಿಲ್ಲ ಎಂದು ಮಾವನಿಗೆ ಹತ್ತು ಸಲ ಹೇಳಿದ್ದೆ. ಅವನು ಕೈಯೆತ್ತಿ, ಎದೆ ತಟ್ಟಿಕೊಂಡು, ಗಂಟಲು ಹರಿಯುವಂತೆ ನಾಟಕದ ಮಾತು ಹೊಡೆಯುತ್ತಲೇ ಇದ್ದ. ನಡುನಡುವೆ ನನ್ನನ್ನೂ ಬೈಯುತ್ತಿದ್ದ. ಹೀಗೆ ರೀಲು ಕರಗುತ್ತ ಬಂತು. ಕೊನೆಯ ಮುಕ್ಕಾಲು ನಿಮಿಷ ಉಳಿದಾಗ ನನ್ನ ಮಹತ್ವಾಕಾಂಕ್ಷೆಯ ದೃಶ್ಯ ಶುರು ಮಾಡಿದೆ. ಉದ್ದಕ್ಕೆ ಖಾಲಿ ಬೀದಿ, ಅದರ ನಡುವೆ ಒಬ್ಬಂಟಿ ಮನುಷ್ಯ, ಮತ್ತೇನೂ ಇಲ್ಲ. ಕೀಲಿ ಪೂರಾ ಕೊಟ್ಟು, ಗುಂಡಿ ಒತ್ತಿ, ಚೆನ್ನಾಗಿ ಕಾಣಲೆಂದು ಹಿಂದಕ್ಕೆ ಸರಿದು ನಿಂತೆ.

ಬೀದಿಯ ಆ ತುದಿಯಲ್ಲಿ ಹಂಪವ್ವತ್ತೆ ಕಾಣಿಸಿಕೊಂಡಳು. ತಲೆಯ ಮೇಲೆ ಬುತ್ತಿ. ಮುಳ್ಳು ದಾಟಿ ಬಂದಿದ್ದಳು, ಸೀರೆಯ ಅಂಚು ಹರಿದಿತ್ತು. ದೂರದ ಗಿರಣಿಯಲ್ಲಿ ಹನ್ನೆರಡರ ಕೂಗು ಇನ್ನೂ ಕೇಳುತ್ತಿತ್ತು.

ನಾನು ಓಡಿಬಂದು ಗುಂಡಿ ಎಳೆದೆ, ಗುದ್ದಿದೆ. ಸಿಕ್ಕಿಕೊಂಡಿತ್ತು. ಕ್ಯಾಮೆರಾ ಕಿರ್ರೋ ಎಂದು ಓಡುತ್ತಲೇ ಇತ್ತು. “ಅಯ್ಯೋ ಅತ್ತೇ, ಆಚೆ ಸರಿ! ರೀಲು ಹೋತು!” ಎಂದು ಕೂಗಿದೆ. ಅವಳು ಕ್ಯಾಮೆರಾ ಕಂಡು ನಾಚಿ ಸೆರಗು ಎಳೆದುಕೊಂಡಳೇ ಹೊರತು ನಡಿಗೆ ನಿಲ್ಲಿಸಲಿಲ್ಲ. ಮಾವನಿಗೆ ತನ್ನ ಜನ್ಮದ ದೊಡ್ಡ ಪಾರ್ಟು ಕೆಟ್ಟಿತೆಂದು ಮೈ ಉರಿದುಹೋಯಿತು. ಅವಳೆದುರು ಕೈ ಬೀಸಿ ಕಿರುಚಿದ:

“ಯಾಕೆ ಬಂದೀಯೇ? ನೀ ಸತ್ತಿ! ಎಲ್ಲಾರೂ ಸತ್ತಾರೆ, ನೀನೂ ಸತ್ತಿ! ನಾನೊಬ್ನೇ ಉಳಿದೀನಿ! ನಡಿ ಆಚಿಗೆ!”

ಅತ್ತೆ ಬುತ್ತಿಯನ್ನು ಜಗಲಿಯ ಮೇಲೆ ಇಳಿಸಿದಳು. ಏನೋ ಒಂದು ಮಾತು ಅಂದಳು. ತಿರುಗಿ, ಬಂದ ದಾರಿಯಲ್ಲೇ ಹೋದಳು. ಅಲ್ಲಿಗೆ ಕೀಲಿ ಮುಗಿದು ಕ್ಯಾಮೆರಾ ನಿಂತಿತು.

ಅವಳೇನಂದಳೋ ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ. ಮಾವ ಕಿರುಚುತ್ತಿದ್ದ, ನಾನು ಕ್ಯಾಮೆರಾ ಗುದ್ದುತ್ತಿದ್ದೆ. ಸಿಟ್ಟಿನಲ್ಲಿ ಮಾವ ಆ ಬುತ್ತಿ ಬಿಚ್ಚಲೂ ಇಲ್ಲ. ಅದನ್ನು ಅಂಜಿನವ್ವನ ಕೋಳಿ ತಿಂದಿತು.

ಮುಳ್ಳು ದಾಟಿ ಬರುತ್ತಿದ್ದ ಅತ್ತೆಯನ್ನು ಊರ ಹಿರಿಯ ಅಂಜಿನಪ್ಪ ಕಂಡಿದ್ದ. ಸಂಜೆ ಅವಳಿಂದ ಊರಮ್ಮನಿಗೆ ತಪ್ಪುಕಾಯಿ ಒಡೆಸಿದರು. ನಾವು ಒಳಗಿದ್ದದ್ದನ್ನು ಅವಳು ಬಾಯಿಬಿಡಲಿಲ್ಲ. ಮನೆಯಲ್ಲಿ ಮರೆತಿದ್ದ ಉಪ್ಪು ತರಲು ಹೋಗಿದ್ದೆ ಎಂದಳಂತೆ. ಮಾವ ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಮೂರನೆಯ ದಿನದಿಂದ ಎಲ್ಲ ಮೊದಲಿನಂತೆ ಆಯಿತು. ನಾನು ರೀಲನ್ನು ತೊಳೆಯಲು ಬೊಂಬಾಯಿಗೆ ಕಳಿಸಿದೆ. ಅತ್ತೆ ಬಂದಿದ್ದ ಭಾಗವನ್ನು ಕತ್ತರಿಸಿ ಒಲೆಗೆ ಹಾಕುವುದೆಂದು ಮನಸ್ಸಿನಲ್ಲೇ ತೀರ್ಮಾನವೂ ಮಾಡಿದೆ.

ಹತ್ತೊಂಬತ್ತು ದಿನಕ್ಕೆ ಅತ್ತೆಗೆ ಜ್ವರ ಹಿಡಿಯಿತು. ವಿಷಮಶೀತ ಜ್ವರ ಎಂದರು ಡಾಕ್ಟರು. ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಮಾವ ಹನ್ನೆರಡು ಗಂಟೆಗೆ ಉಂಡನೋ ಇಲ್ಲವೋ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಒಂಬತ್ತನೆಯ ದಿನ ಹೋಗಿಬಿಟ್ಟಳು. ಅವಳಿಗೆ ಮೂವತ್ತೆರಡು ವರ್ಷ.

ಮಾತಾಡಿಸಲು ಬಂದವರ ಬಾಯಿ ಹಿಡಿಯುವುದಕ್ಕೆ ಆಗುತ್ತದೆಯೇ? “ಮುಳ್ಳು ದಾಟಬಾರ್ದಿತ್ತು” ಎಂದಳು ಅಂಜಿನವ್ವ. ಕ್ಯಾಮೆರಾದ ಕಣ್ಣು ಬಿದ್ದಾಗಿನಿಂದ ತನ್ನ ಕೋಳಿಯೂ ಮೊಟ್ಟೆ ಇಡುವುದು ಬಿಟ್ಟಿದೆ ಎಂದು ಅವಳು ಮುಂದೆ ಚಿತ್ರ ನೋಡಿದ ಮೇಲೆ ಹೇಳತೊಡಗಿದ್ದುಂಟು. ಯಾರಿಗೆ ಯಾವ ದುಃಖ ದೊಡ್ಡದೋ ಹೇಳಲಾಗದು. ಅಂಜಿನಪ್ಪ ಒಳ್ಳೆಯ ಮನುಷ್ಯ, ಕೆಟ್ಟದ್ದು ಮಾಡಬೇಕೆಂದು ಆಡಿದ ಮಾತಲ್ಲ ಅವನದು. ಜಗಲಿಯ ಮೇಲೆ ಕೂತು ನಿಟ್ಟುಸಿರು ಬಿಟ್ಟು ಹೇಳಿದ: “ಊರು ಖಾಲಿ ಇರೋ ಹೊತ್ತಿನಾಗೆ ಊರಮ್ಮ ಬೀದ್ಯಾಗೆ ತಿರುಗ್ತಾಳೆ ಗುಡ್ಡಪ್ಪಾ. ಆಗ ಯಾರು ಏನಂದ್ರೂ ಆಕಿ ಕಿವೀಗೆ ಬೀಳ್ತೈತೆ. ಅಂದಿದ್ದು ಅಂದಂಗೇ ಆಗ್ತೈತೆ.”

ಮಾವ ನನ್ನ ಮುಖ ನೋಡಿದ. ಆ ಮುಖವನ್ನು ನಾನು ಮರೆಯಲಾರೆ. ‘ನೀ ಸತ್ತಿ’ ಎಂದು ಕೂಗಿದ್ದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಜ್ವರ ನೀರಿನಿಂದ ಬರುತ್ತದೆ, ಮಾತಿನಿಂದ ಬರುವುದಿಲ್ಲ ಎಂದು ನಾನು ಪುಸ್ತಕ ತಂದು ಓದಿ ಹೇಳಿದೆ. ಮಾವ ತಲೆಯಾಡಿಸಿದ, ನಂಬಲಿಲ್ಲ. ನಾಟಕ ಬಿಟ್ಟ. ಗೋಡೆಯ ಹನ್ನೊಂದು ರಾಜರನ್ನೂ ಇಳಿಸಿ ಅಟ್ಟಕ್ಕೆ ಹಾಕಿದ. ಊಟವನ್ನಂತೂ ಬಿಟ್ಟೇಬಿಟ್ಟ. ನೆರೆಯವರು ತಂದದ್ದು ತಂದಂತೆಯೇ ಇರುತ್ತಿತ್ತು. ಒತ್ತಾಯ ಮಾಡಿದರೆ ಒಂದು ಲೋಟ ಮಜ್ಜಿಗೆ. ಹನ್ನೆರಡು ಗಂಟೆಗೆ ಗಿರಣಿ ಕೂಗಿದರೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಎಲುಬು ಕಾಣತೊಡಗಿದವು. ಹೀಗೇ ಆದರೆ ಇನ್ನೆರಡು ತಿಂಗಳು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು ಒಂದೇ ಪ್ರಶ್ನೆ: “ರೀಲು ಬಂತೇನು?”

“ಇನ್ನೂ ಇಲ್ಲ ಮಾವ.”

“ಆಕಿ ಏನೋ ಅಂದ್ಲಲ್ಲ, ನೀ ಕೇಳಿಸಿಕೊಂಡ್ಯಾ?”

“ಇಲ್ಲ ಮಾವ.”

“ಅಯ್ಯೋ ಹಿಂಗಂದ್ನಲ್ಲ ಅಂತ ಅತ್ಲೋ, ಶಾಪ ಹಾಕಿದ್ಲೋ. ಏನಂದ್ಲು ಅಂತ ಗೊತ್ತಾದ್ರೆ ಸಾಕಿತ್ತು ನೋಡು. ಶಾಪಾ ಹಾಕಿದ್ರೂ ಪರವಾಗಿಲ್ಲ.”

ಎರಡು ತಿಂಗಳಾದರೂ ರೀಲು ಬರಲಿಲ್ಲ. ಬೊಂಬಾಯಿಗೆ ಮೂರು ಕಾಗದ ಬರೆದೆ. ಅವರು ಕಳಿಸಿ ತಿಂಗಳ ಮೇಲಾಯಿತೆಂದು ಉತ್ತರ ಬಂತು. ವಿಳಾಸಕ್ಕೆ ಕಾಲೇಜನ್ನು ಕೊಟ್ಟಿದ್ದೆ. ಓಡಿಹೋಗಿ ಕೇಳಿದರೆ ಹೆಡ್ ಗುಮಾಸ್ತ ಗೋಣೆಪ್ಪನವರು ಕನ್ನಡಕ ಏರಿಸಿದರು.

“ಡಬ್ಬಿ ಒಂದು ಬಂದೈತಪ್ಪಾ. ಮ್ಯಾಲೆ ‘ಪ್ರಳಯ, ದಾವಣಗೆರೆ’ ಅಂತ ಬರ್ದಿದ್ರು. ಗ್ರಹಗಳು ಈಗ ತಾನೇ ದಾಟ್ಯಾವೆ, ಇಂಥದ್ದನ್ನ ಆಫೀಸಿನಾಗೆ ಬಿಚ್ಚಿ ಏನಾರ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ಅದಕ್ಕ ಬೀರುವಿನ ಹಿಂದೆ ಇಟ್ಟು, ಮ್ಯಾಲೊಂದು ನಿಂಬೆಹಣ್ಣು ಇಟ್ಟೀನಿ.”

ನಿಂಬೆಹಣ್ಣು ಒಣಗಿ ಗೋಲಿಯಾಗಿತ್ತು. ಅದರ ಕೆಳಗೆ ನನ್ನ ಅತ್ತೆ ಒಂದು ತಿಂಗಳು ಕಾದಿದ್ದಳು.

ಅವತ್ತೇ ಮಾವನನ್ನು ಬಸ್ಸಿಗೆ ಹತ್ತಿಸಿಕೊಂಡು ಹರಿಹರಕ್ಕೆ ಹೋದೆ. ಇಳಿದು ಸ್ಟುಡಿಯೋ ತನಕ ನಡೆಯಲು ಅವನು ಮೂರು ಕಡೆ ಕೂತ. ಕುತುಬುದ್ದೀನ್ ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಬಿಳಿ ಹಾಸಿಗೆ ಬಟ್ಟೆ ಕಟ್ಟಿ, ಪ್ರೊಜೆಕ್ಟರ್ ಇಟ್ಟ. ಅವನ ತಾಯಿ ಹಜೀರಾಬೀ ಬಾಗಿಲ ಬಳಿ ಕೂತರು. ಫಕ್ರುನ್ನೀಸಾ ಬಟ್ಟೆಯ ಪಕ್ಕದಲ್ಲಿ, ಎಲ್ಲರಿಗಿಂತ ಹತ್ತಿರ ಕೂತಳು. ಮಾವನನ್ನು ಕಂಡು ಅವಳಿಗೆ ಮೊದಲು ಗುರುತೇ ಸಿಕ್ಕಲಿಲ್ಲ. ಎಷ್ಟು ಸಲ ಅವನ ಕೆನ್ನೆಗೆ ಬಣ್ಣ ಹಚ್ಚಿದ್ದಳೋ.

ಪ್ರೊಜೆಕ್ಟರ್ ಓಡಿತು. ಖಾಲಿ ಬೀದಿ, ಕೋಳಿ, ಕಿರೀಟ. ಬಟ್ಟೆಯ ಮೇಲಿನ ಮಾವ ಎದೆ ತಟ್ಟಿಕೊಂಡು ಬಾಯಿ ತೆರೆದ. ಫಕ್ರುನ್ನೀಸಾಳ ಕೈಗಳು ಮಿಂಚಿನಂತೆ ಆಡತೊಡಗಿದವು. ಕುತುಬುದ್ದೀನ್ ಅದನ್ನು ಬಾಯಲ್ಲಿ ಹೇಳುತ್ತ ಬಂದ.

“ಎಲೈ ಭೂಮಿತಾಯೇ... ನನ್ನ ಸೈನ್ಯವೆಲ್ಲಿ... ನನ್ನ ಆನೆಗಳೆಲ್ಲಿ... ಈ ಕೆಂಚನ ಕೈಗೆ ಕ್ಯಾಮೆರಾ ಕೊಟ್ಟೋನು... ಕತ್ತೆ... ಅರೆ! ಕೊಟ್ಟೋನು ನಾನಲ್ಲೇನ್ರಿ?”

ಹಜೀರಾಬೀ ನಕ್ಕುಬಿಟ್ಟರು. ಮಾವ ಮಾತ್ರ ನಗಲಿಲ್ಲ, ಮುಂದಕ್ಕೆ ಬಾಗಿದ. ಅಂದದ್ದೆಲ್ಲ ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಈ ಹೆಣ್ಣುಮಗಳು ತುಟಿ ನೋಡಿ ಓದಬಲ್ಲಳು ಎಂದು ಅವನಿಗೆ ಹೊಳೆದದ್ದು ಆಗ. “ತಂಗೀ, ಈಗ ಬರ್ತಾಳೆ. ಆಕಿ ಏನಂತಾಳೆ ನೋಡವ್ವಾ” ಎಂದ. ಫಕ್ರುನ್ನೀಸಾ ಅವನ ತುಟಿಯನ್ನು ನೋಡಿ ಹೂಂ ಎಂದು ತಲೆಯಾಡಿಸಿದಳು.

ಬೀದಿಯ ತುದಿಯಲ್ಲಿ ಅತ್ತೆ ಕಾಣಿಸಿದಳು. ತೀರಿಕೊಂಡು ಎರಡೂವರೆ ತಿಂಗಳಾದವಳು ತಲೆಯ ಮೇಲೆ ಬುತ್ತಿ ಹೊತ್ತು, ಕೈ ಬೀಸುತ್ತ, ಅವಸರವಿಲ್ಲದೆ ನಮ್ಮ ಕಡೆಗೇ ನಡೆದು ಬಂದಳು. ಬರುತ್ತ ಬರುತ್ತ ದೊಡ್ಡವಳಾದಳು. ಮಾವನ ಕಣ್ಣು ತುಂಬಿ ಹರಿಯುತ್ತಿತ್ತು. ಬಟ್ಟೆಯ ಮೇಲಿನ ಮಾವ ಕೈ ಬೀಸಿ ಕಿರುಚಿದ. ಕುತುಬುದ್ದೀನ್ ಅದನ್ನು ಬಾಯಲ್ಲಿ ಹೇಳಲಿಲ್ಲ. ತಂಗಿಯ ಕೈ ನೋಡಿ ಸುಮ್ಮನೆ ತಲೆ ತಗ್ಗಿಸಿದ. ಅತ್ತೆ ಬುತ್ತಿ ಇಳಿಸಿದಳು. ನಾನು ಬಟ್ಟೆಯನ್ನು ನೋಡುವುದು ಬಿಟ್ಟು ಫಕ್ರುನ್ನೀಸಾಳ ಕೈಗಳನ್ನೇ ನೋಡುತ್ತಿದ್ದೆ.

ಆ ಕೈಗಳು ಒಂದು ಗಳಿಗೆ ಸುಮ್ಮನಿದ್ದವು. ಆಮೇಲೆ ನಿಧಾನವಾಗಿ ಆಡಿದವು. ಕುತುಬುದ್ದೀನ್ ಅದನ್ನು ಬಾಯಲ್ಲಿ ಹೇಳಿದ.

“ಆತು, ಸತ್ತೀನಿ... ನೀ ಉಣ್ಣು... ಅಂತಾರೆ ನೋಡ್ರಿ. ನಗ್ತಾ ಅಂತಾರಂತೆ.”

ರೀಲು ಮುಗಿದು ಟಪಟಪ ಎಂದಿತು. ಅಷ್ಟರಲ್ಲಿ ಪ್ರೊಜೆಕ್ಟರಿನ ಬಲ್ಬು ಫಟ್ಟೆಂದು ಸುಟ್ಟುಹೋಯಿತು.

ಕತ್ತಲೆಯಲ್ಲಿ ಮಾವ ಅತ್ತ. ಅತ್ತೆ ಸತ್ತ ದಿನವೂ ಅಳದವನು ಬಾಯಿಬಿಟ್ಟು ಅತ್ತ. ನಾನೂ ಅತ್ತುಬಿಟ್ಟೆ. ಯಾರೂ ಬಾಗಿಲು ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ ಅವನ ದನಿ ಕೇಳಿತು.

“ಅವ್ವಾರೇ, ಉಣ್ಣಾಕ ಏನಾರ ಐತೇನ್ರಿ?”

ಹಜೀರಾಬೀ ಎದ್ದು ಹೋಗಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತಂದರು. ಜಾತಿ ನೆನಪಾಗುವಷ್ಟು ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಮಾವ ಕಣ್ಣೀರು ಒರೆಸಿಕೊಳ್ಳುತ್ತ, ಮೂಗು ಏರಿಸುತ್ತ, ಎರಡು ರೊಟ್ಟಿ ಉಂಡ. “ಖಾರ ಆತೇನ್ರಿ?” ಎಂದು ಹಜೀರಾಬೀ ಕೇಳಿದರು. “ಇಲ್ರೀ ಅವ್ವಾ, ಇನ್ನೊಂದು ಹಾಕ್ರಿ” ಎಂದ.

ಮಾವ ಬದುಕಿದ. ಮಾರನೆಯ ದಿನದಿಂದ ಹನ್ನೆರಡು ಗಂಟೆಗೆ ಗಿರಣಿ ಕೂಗಿದರೆ ತಾನೇ ಕಟ್ಟಿಕೊಂಡು ಹೋದ ಬುತ್ತಿ ಬಿಚ್ಚುತ್ತಾನೆ. ಇವತ್ತಿಗೂ ತಪ್ಪಿಸಿಲ್ಲ.

ಒಂದು ವಾರ ಬಿಟ್ಟು ನಾನು ಆ ರೀಲನ್ನು ಮನೆಯಲ್ಲಿ ಬಿಚ್ಚಿ ಕೂತೆ. ಕತ್ತರಿಸುವುದಕ್ಕಲ್ಲ, ನೋಡುವುದಕ್ಕೆ. ಕಿಟಕಿಯ ಬೆಳಕಿಗೆ ಹಿಡಿದು, ಕಾಲೇಜಿನ ಭೂತಗನ್ನಡಿಯಲ್ಲಿ ಒಂದೊಂದೇ ಚಿತ್ರ ನೋಡುತ್ತ ಹೋದೆ. ಅತ್ತೆ ಬರುತ್ತಾಳೆ. ಕ್ಯಾಮೆರಾ ಕಂಡು ಸೆರಗು ಎಳೆದುಕೊಳ್ಳುತ್ತಾಳೆ. ಮಾವ ಕಿರುಚುತ್ತಾನೆ. ಅತ್ತೆ ಬುತ್ತಿ ಇಳಿಸಿ ಅವನ ಕಡೆ ತಿರುಗುತ್ತಾಳೆ. ಆ ಮಾತು ಆಡುವಷ್ಟೂ ಹೊತ್ತು, ಮೊದಲಿಂದ ಕೊನೆಯವರೆಗೆ, ಸೆರಗಿನ ಚುಂಗು ಅವಳ ಬಾಯಿಯ ಮೇಲೇ ಇದೆ. ಕಾಣುವುದು ಬರೀ ಕಣ್ಣು. ತುಟಿ ಒಂದು ಚಿತ್ರದಲ್ಲೂ ಇಲ್ಲ.

ಎರಡು ಸಲ ನೋಡಿದೆ. ಮೂರನೆಯ ಸಲವೂ ನೋಡಿದೆ. ರೀಲು ಸುತ್ತಿಟ್ಟು ಹರಿಹರಕ್ಕೆ ಹೋದೆ. ಫಕ್ರುನ್ನೀಸಾ ಕಿಟಕಿಯ ಬಳಿ ಕೂತು ಯಾರದೋ ಮದುವೆಯ ಫೋಟೋಗೆ ಬಣ್ಣ ಹಾಕುತ್ತಿದ್ದಳು. ಎದುರಿಗೆ ನಿಂತು, ಸೆರಗಿನ ಹಾಗೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ತೋರಿಸಿದೆ. ಅವಳು ನನ್ನನ್ನು ನೋಡಿದಳು. ಆಮೇಲೆ ಕುಂಚವನ್ನು ಬಣ್ಣದಲ್ಲಿ ಅದ್ದಿ, ಫೋಟೋದ ಸೀರೆಗೆ ಹಸಿರು ಹಚ್ಚತೊಡಗಿದಳು. ನಾನು ಮತ್ತೆಂದೂ ಕೇಳಲಿಲ್ಲ.

ಚಿತ್ರವನ್ನು ಎಲ್ಲಿ ತೋರಿಸಿದರೂ ಮಾವ ಬರುತ್ತಾನೆ. ಅತ್ತೆ ಬೀದಿಯ ತುದಿಯಲ್ಲಿ ಕಂಡು, ನಡೆದು ಬಂದು, ಬುತ್ತಿ ಇಳಿಸುವ ತನಕ ರೆಪ್ಪೆ ಬಡಿಯದೆ ನೋಡುತ್ತಾನೆ. ಅವಳು ಮಾತಾಡುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡುಬಿಡುತ್ತಾನೆ. ಹೋದ ತಿಂಗಳು ಕಾಲೇಜಿನಲ್ಲೂ ಹಾಗೇ ಮಾಡಿದ. ಬಸ್ಸಿನಲ್ಲಿ ವಾಪಸು ಬರುವಾಗ ಧೈರ್ಯ ಮಾಡಿ ಕೇಳಿದೆ.

“ಮಾವಾ, ಸರಿಯಾಗಿ ಆಗಲೇ ಯಾಕೆ ಕಣ್ಣು ಮುಚ್ಚಿಕೊಳ್ತೀಯ?”

ಮಾವ ಕಿಟಕಿಯ ಹೊರಗೆ ನೋಡುತ್ತ ಹೇಳಿದ: “ಕಣ್ಣು ಮುಚ್ಚಿದ್ರೆ ಚೆನ್ನಾಗಿ ಕೇಳ್ತೈತೆ ಕಣಲೇ.”

ಹಿಂದಿನ ಬೆಂಚಿನ ಆ ಹುಡುಗಿಗೆ ನಾನು ಹೇಳಬೇಕಾಗಿದ್ದ ಉತ್ತರ ಇಷ್ಟು. ಕೋಳಿ ತಾನಾಗಿ ಬಂತು, ಕಿರೀಟ ಮಾವ ತಂದ, ಬುತ್ತಿ ಅತ್ತೆ ತಂದಳು, ಕೊನೆಯ ದೃಶ್ಯವನ್ನು ಕೆಟ್ಟ ಗುಂಡಿ ತೆಗೆಯಿತು. ಇಡೀ ಚಿತ್ರದಲ್ಲಿ ಒಬ್ಬರು ಯೋಚಿಸಿ ಮಾಡಿದ್ದು ಒಂದೇ ಒಂದು, ಅದು ಕೊನೆಯ ಮಾತು. ಅದನ್ನು ಬರೆದವರ ಹೆಸರು ಹಾಕಲು ರೀಲಿನಲ್ಲಿ ಒಂದಡಿಯೂ ಉಳಿದಿರಲಿಲ್ಲ. ಇಲ್ಲಿ ಹಾಕುತ್ತಿದ್ದೇನೆ: ಸಂಭಾಷಣೆ, ಫಕ್ರುನ್ನೀಸಾ, ಹರಿಹರ.